ಬಾಟಲಿಯಲ್ಲಿ ಬೆಳೆದದ್ದು ಮಗುವಿನ ರಕ್ತದಲ್ಲಿ ಇತ್ತೇ?

ಪ್ರಶ್ನೆ: ನಮ್ಮ ಮಗಳಿಗೆ 9 ತಿಂಗಳು. ಮೂರು ದಿನ ಬಿಡದೆ 103 ಡಿಗ್ರಿ ಜ್ವರ ಬಂದು, ಹಾಲನ್ನೂ ಬಿಟ್ಟಾಗ ಅಡ್ಮಿಟ್ ಮಾಡಿದೆವು. ಕೈಗೆ ಕ್ಯಾನುಲಾ ಹಾಕುವಾಗಲೇ ರಕ್ತ ತೆಗೆದು ಬ್ಲಡ್ ಕಲ್ಚರ್‌ಗೆ ಕಳಿಸಿದರು, ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಶುರು ಮಾಡಿದರು. ಮಾರನೇ ದಿನ ಜ್ವರ ಬಿಟ್ಟಿತು. ಎದೆ, ಬೆನ್ನಿನ ಮೇಲೆ ಸಣ್ಣ ಗುಲಾಬಿ ಬಣ್ಣದ ದದ್ದು ಎದ್ದು, ತಾನಾಗಿ ಹೋಯಿತು. ಈಗ ಮಗು ಆಡಿಕೊಂಡಿದೆ. ಆದರೆ ಮೂರನೇ ದಿನ ಸಂಜೆ ಕಲ್ಚರ್ ರಿಪೋರ್ಟ್ ಬಂತು: 'ಕೋಆಗ್ಯುಲೇಸ್ ನೆಗೆಟಿವ್ ಸ್ಟೆಫಿಲೊಕಾಕಸ್, ಮೆಥಿಸಿಲಿನ್ ರೆಸಿಸ್ಟೆಂಟ್'. ಒಬ್ಬ ಡಾಕ್ಟರು 7 ದಿನ ವ್ಯಾಂಕೊಮೈಸಿನ್ ಕೊಡಬೇಕು ಎನ್ನುತ್ತಾರೆ. ಇನ್ನೊಬ್ಬರು ಇದು ಕಂಟಾಮಿನೇಷನ್, ಮನೆಗೆ ಕರೆದುಕೊಂಡು ಹೋಗಿ ಎನ್ನುತ್ತಾರೆ. ರಕ್ತದಲ್ಲಿ ಕ್ರಿಮಿ ಇದೆ ಅಂದಮೇಲೆ ಮನೆಗೆ ಹೇಗೆ ಹೋಗುವುದು? ಇದು ಲ್ಯಾಬ್‌ನವರ ತಪ್ಪೇ?

ಉತ್ತರ: ನಿಮ್ಮ ಪ್ರಶ್ನೆ ಓದುವಾಗ ನನ್ನ ಕಣ್ಣು ಮೊದಲು ನಿಂತದ್ದು 'ಮಗು ಆಡಿಕೊಂಡಿದೆ' ಎಂಬ ಮಾತಿನ ಮೇಲೆ. ಬ್ಯಾಕ್ಟೀರಿಯಾದ ಹೆಸರನ್ನು ಆಮೇಲೆ ಓದಿದೆ. ನಾನು ಮಕ್ಕಳ ಆಸ್ಪತ್ರೆಯ ಲ್ಯಾಬ್‌ನಲ್ಲಿ ಮೈಕ್ರೋಬಯಾಲಜಿಸ್ಟ್, ಇಂಥ ಬಾಟಲಿಗಳ ಜೊತೆಗೇ ನನ್ನ ದಿನ ಕಳೆಯುತ್ತದೆ. ಮಗುವನ್ನು ನೋಡದೆ ಚಿಕಿತ್ಸೆ ಹೇಳುವುದು ಸರಿಯಲ್ಲ. ಆದರೆ ನೀವು ಬರೆದಿರುವ ವಿವರಗಳಲ್ಲೇ ಉತ್ತರದ ಬಹುಪಾಲು ಇದೆ. ಅದನ್ನು ಬಿಡಿಸಿ ಹೇಳುತ್ತೇನೆ, ನಿಮ್ಮ ಡಾಕ್ಟರ ಎದುರು ಕೂತು ಮಾತಾಡಲು ಅನುಕೂಲವಾದೀತು.

ಮೊದಲು ಕಲ್ಚರ್ ಎಂದರೇನು ಎಂಬುದು ಗೊತ್ತಿರಲಿ. ಹಾಲಿಗೆ ಹೆಪ್ಪು ಹಾಕುವುದನ್ನು ನೆನೆಸಿಕೊಳ್ಳಿ. ಒಂದು ಹನಿ ಮೊಸರು ಬಿದ್ದರೆ ಸಾಕು, ಬೆಳಗಾಗುವಷ್ಟರಲ್ಲಿ ಪಾತ್ರೆಯಷ್ಟೂ ಹಾಲು ಗಟ್ಟಿಯಾಗಿರುತ್ತದೆ. ಕಲ್ಚರ್ ಬಾಟಲಿಯಲ್ಲೂ ಬ್ಯಾಕ್ಟೀರಿಯಾಕ್ಕೆ ಇಷ್ಟವಾದ ಪೌಷ್ಟಿಕ ದ್ರವ ಇರುತ್ತದೆ. ಮಗುವಿನ ರಕ್ತವನ್ನು ಅದಕ್ಕೆ ಹಾಕಿ ಮೈಬಿಸಿಯಷ್ಟೇ ಕಾವಿನಲ್ಲಿ ಇಡುತ್ತೇವೆ. ಒಳಗೆ ಜೀವಾಣು ಇದ್ದರೆ ಬೆಳೆಯುತ್ತಾ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಬಾಟಲಿಯ ತಳದ ಹಸಿರು ಬಿಲ್ಲೆ ಹಳದಿಗೆ ತಿರುಗುತ್ತದೆ. ನಮ್ಮ ಯಂತ್ರ ಪ್ರತಿ 10 ನಿಮಿಷಕ್ಕೊಮ್ಮೆ ಆ ಬಿಲ್ಲೆಯನ್ನು ನೋಡುತ್ತದೆ, ಬಣ್ಣ ಬದಲಾದ ಕೂಡಲೇ ಕೂಗುತ್ತದೆ. ಏನೂ ಬೆಳೆಯದಿದ್ದರೆ 5 ದಿನ ಕಾದು 'ನೋ ಗ್ರೋತ್' ಎಂದು ಬರೆಯುತ್ತೇವೆ.

ತೊಡಕು ಇರುವುದು ಇಲ್ಲೇ. ಹೆಪ್ಪು ಎಲ್ಲಿಂದ ಬಂತು ಎಂದು ಹಾಲಿಗೆ ಗೊತ್ತಾಗುವುದಿಲ್ಲ. ರಕ್ತನಾಳದೊಳಗೆ ಓಡಾಡುತ್ತಿದ್ದ ಜೀವಾಣುವೂ ಬೆಳೆಯುತ್ತದೆ, ಸೂಜಿ ಚರ್ಮ ದಾಟುವಾಗ ಅದರ ತುದಿಗೆ ಅಂಟಿಕೊಂಡು ಬಂದದ್ದೂ ಬೆಳೆಯುತ್ತದೆ. ಯಂತ್ರ ಎರಡಕ್ಕೂ ಒಂದೇ ಕೂಗು ಹಾಕುತ್ತದೆ. ಹೀಗೆ ಹೊರಗಿನಿಂದ ಬಾಟಲಿ ಸೇರುವುದನ್ನೇ ಕಂಟಾಮಿನೇಷನ್ ಎನ್ನುವುದು.

ನಿಮ್ಮ ರಿಪೋರ್ಟ್‌ನಲ್ಲಿರುವ ಉದ್ದನೆಯ ಹೆಸರಿನ ಅರ್ಥ ಇಷ್ಟು. ಬಾಟಲಿಯಿಂದ ಒಂದು ಹನಿ ಗಾಜಿನ ಮೇಲೆ ಹಚ್ಚಿ, ಗ್ರಾಮ್ ಸ್ಟೇನ್ ಎಂಬ ಬಣ್ಣ ಹಾಕಿ ನೋಡಿದಾಗ ದ್ರಾಕ್ಷಿ ಗೊಂಚಲಿನಂತೆ ನೇರಳೆ ಬಣ್ಣದ ಗುಂಡುಗಳು ಕಂಡಿವೆ. ಅದು ಸ್ಟೆಫಿಲೊಕಾಕಸ್. ಆ ಮನೆತನದಲ್ಲಿ ಒಬ್ಬ ನಿಜಕ್ಕೂ ಕೆಟ್ಟವನಿದ್ದಾನೆ, ಆರಿಯಸ್. ಕುರು ಎಬ್ಬಿಸುವವನು, ಮೂಳೆ, ಕೀಲು, ಹೃದಯದ ಕವಾಟಕ್ಕೆ ಹೋಗಿ ಕೂರುವವನು. ಉಳಿದವರಲ್ಲಿ ಹೆಚ್ಚಿನವರು ಎಪಿಡರ್ಮಿಡಿಸ್ ಮತ್ತು ಅದರ ಬಂಧುಗಳು. ನಮ್ಮೆಲ್ಲರ ಚರ್ಮದ ಮೇಲೆ ಹುಟ್ಟಿದ ಕೆಲವೇ ದಿನಗಳಿಂದ ಇರುವವರು. ಇವರನ್ನು ಬೇರೆ ಮಾಡಲು ಒಂದು ಹಳೆಯ, ನಂಬಿಕಸ್ಥ ಪರೀಕ್ಷೆ ಇದೆ. ಸಣ್ಣ ಟ್ಯೂಬಿನಲ್ಲಿ ಮೊಲದ ಪ್ಲಾಸ್ಮಾ ಹಾಕಿ, ಅದರಲ್ಲಿ ಈ ಜೀವಾಣು ಬೆರೆಸಿ, 37 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು, 4 ಗಂಟೆಯ ನಂತರ ಟ್ಯೂಬನ್ನು ಮೆಲ್ಲಗೆ ಓರೆ ಮಾಡಿ ನೋಡುತ್ತೇವೆ. ಹೆಪ್ಪುಗಟ್ಟಿದ್ದರೆ ಕೋಆಗ್ಯುಲೇಸ್ ಪಾಸಿಟಿವ್, ಅಂದರೆ ಮಕ್ಕಳಲ್ಲಿ ಬಹುಮಟ್ಟಿಗೆ ಆರಿಯಸ್. ನೀರಾಗಿಯೇ ಇದ್ದರೆ ಮಾರನೇ ದಿನದವರೆಗೂ ಇಟ್ಟು ಮತ್ತೊಮ್ಮೆ ನೋಡುತ್ತೇವೆ, ಆಗಲೂ ನೀರಾಗಿದ್ದರೆ ನೆಗೆಟಿವ್. ಲ್ಯಾಬ್‌ನಲ್ಲಿ ನಾವು ಇದನ್ನು ಚುಟುಕಾಗಿ 'ಕಾನ್ಸ್' ಎನ್ನುತ್ತೇವೆ. ನಿಮ್ಮ ಮಗಳ ಬಾಟಲಿಯಲ್ಲಿ ಬೆಳೆದದ್ದು ಇದು.

ಇನ್ನು ಅದು ಬಾಟಲಿಯೊಳಕ್ಕೆ ಹೇಗೆ ಬಂತು? ಲ್ಯಾಬ್‌ನಲ್ಲಿ ಕಲಬೆರಕೆ ಆಗುವುದೇ ಇಲ್ಲ ಎಂದು ನಾನು ಹೇಳುವುದಿಲ್ಲ, ಆದರೆ ಅದು ಅಪರೂಪ. ಹೆಚ್ಚಿನ ಸಲ ಆಗುವುದು ಮಗುವಿನ ಹಾಸಿಗೆಯ ಪಕ್ಕದಲ್ಲೇ. ಆ ದೃಶ್ಯ ನಿಮಗೂ ನೆನಪಿರಬಹುದು. ಒಂಬತ್ತು ತಿಂಗಳ ಗುಂಡು ಗುಂಡು ಕೈ, ನರವೇ ಕಾಣುವುದಿಲ್ಲ. ಅಮ್ಮ ಕಾಲು ಹಿಡಿದಿರುತ್ತಾರೆ, ಇನ್ನೊಬ್ಬರು ಭುಜ ಒತ್ತಿರುತ್ತಾರೆ, ಮಗು ಚೀರುತ್ತಿರುತ್ತದೆ. ಸಿಸ್ಟರ್ ಸ್ಪಿರಿಟ್ ಹತ್ತಿಯಿಂದ ಒಂದು ಸಲ ಒರೆಸುತ್ತಾರೆ, ನರ ಎಲ್ಲಿದೆ ಎಂದು ಬೆರಳಿನಿಂದ ಮತ್ತೆ ಮುಟ್ಟಿ ನೋಡುತ್ತಾರೆ. ಗ್ಲೌಸ್‌ನ ಬೆರಳ ತುದಿ ಹರಿದುಕೊಂಡು ನರ ಹುಡುಕುವವರನ್ನೂ ನೋಡಿದ್ದೇನೆ. ಸ್ಪಿರಿಟ್ ಆರುವ ಮೊದಲೇ ಸೂಜಿ ಒಳಗೆ. ಕ್ಯಾನುಲಾದ ಬಾಯಿಂದ ತೊಟ್ಟಿಕ್ಕುವ ರಕ್ತವನ್ನು ಸಿರಿಂಜಿಗೆ ಎಳೆದುಕೊಂಡು, ಬಾಟಲಿಯ ಪ್ಲಾಸ್ಟಿಕ್ ಮುಚ್ಚಳ ಕಿತ್ತು, ಒಳಗಿನ ರಬ್ಬರ್ ಒರೆಸದೆ ಚುಚ್ಚುತ್ತಾರೆ. ಆ ರಬ್ಬರ್ ಕ್ರಿಮಿರಹಿತ ಎಂದು ಬಹಳ ಜನ ನಂಬಿದ್ದಾರೆ, ಅದು ಹಾಗಿಲ್ಲ. ಒಂದೊಂದು ಹೆಜ್ಜೆಯಲ್ಲೂ ಚರ್ಮದ ಮೇಲಿನವರಿಗೆ ಒಳನುಗ್ಗಲು ದಾರಿ ಸಿಗುತ್ತದೆ.

ಇದನ್ನು ಸಿಸ್ಟರ್‌ಗಳ ಮೇಲೆ ದೂರು ಹೊರಿಸಲು ಬರೆಯುತ್ತಿಲ್ಲ. ರಾತ್ರಿ ಪಾಳಿಯಲ್ಲಿ ಒಬ್ಬೊಬ್ಬರೇ ಹದಿನೈದಿಪ್ಪತ್ತು ಮಕ್ಕಳನ್ನು ನೋಡುವವರು ಅವರು. ಕ್ಯಾನುಲಾ ಹಾಕುವಾಗಲೇ ಕಲ್ಚರ್ ರಕ್ತ ತೆಗೆಯುವುದಕ್ಕೂ ಕಾರಣ ಕರುಣೆಯೇ, ಮಗುವಿಗೆ ಎರಡು ಸಲ ಚುಚ್ಚುವುದು ಬೇಡ ಎಂದು. ಆದರೆ ಆ ಪದ್ಧತಿಯಲ್ಲಿ ಕಂಟಾಮಿನೇಷನ್ ಹೆಚ್ಚು ಎಂಬುದು ಮತ್ತೆ ಮತ್ತೆ ಕಂಡುಬಂದಿದೆ. ಎಷ್ಟೇ ಚೆನ್ನಾಗಿ ಒರೆಸಿದರೂ ರೋಮದ ಬುಡದಲ್ಲಿ, ಎಣ್ಣೆಗ್ರಂಥಿಗಳಲ್ಲಿ ಅಡಗಿರುವ ಒಂದು ಪಾಲು ಔಷಧಿಗೆ ಸಿಗುವುದಿಲ್ಲ. ಹಾಗಾಗಿ ಒಳ್ಳೆಯ ಆಸ್ಪತ್ರೆಗಳೂ ನೂರಕ್ಕೆ ಸೊನ್ನೆ ಎನ್ನಲಾರವು. 100 ಕಲ್ಚರ್‌ಗಳಲ್ಲಿ ಕಂಟಾಮಿನೇಷನ್ 3ಕ್ಕಿಂತ ಕಡಿಮೆ ಇರಬೇಕು ಎಂಬುದು ಬಹುಕಾಲದಿಂದ ಒಪ್ಪಿಕೊಂಡ ಮಿತಿ. ಈಗ ಅದನ್ನು 1ಕ್ಕೆ ಇಳಿಸಬೇಕು, ಇಳಿಸಲು ಸಾಧ್ಯ ಎನ್ನುತ್ತಿದ್ದಾರೆ.

ಈ ಸಂಖ್ಯೆಯನ್ನು ನಿಮ್ಮ ಮಗಳ ವಯಸ್ಸಿನ ಮಕ್ಕಳ ಮೇಲಿಟ್ಟು ಲೆಕ್ಕ ಹಾಕಿ ನೋಡಿ. ನಮ್ಮಲ್ಲಿ ಹಿಬ್ ಜೀವಾಣುವಿಗೂ ಸೇರಿಸಿ ಕೊಡುವ ಪೆಂಟಾವ್ಯಾಲೆಂಟ್ ಲಸಿಕೆ 2011ರಲ್ಲಿ ಕೇರಳ, ತಮಿಳುನಾಡಿನಿಂದ ಶುರುವಾಗಿ ಹಂತ ಹಂತವಾಗಿ ಎಲ್ಲ ರಾಜ್ಯಗಳಿಗೂ ಬಂತು. ನ್ಯುಮೊಕಾಕಸ್ ಲಸಿಕೆ 2017ರಲ್ಲಿ ಕೆಲವು ರಾಜ್ಯಗಳಲ್ಲಿ, 2021ರಲ್ಲಿ ದೇಶದೆಲ್ಲೆಡೆ ಸರ್ಕಾರಿ ಪಟ್ಟಿಗೆ ಸೇರಿತು. ಹೊರನೋಟಕ್ಕೆ ಚೆನ್ನಾಗಿರುವ ಜ್ವರದ ಮಗುವಿನ ರಕ್ತದಲ್ಲಿ ಮೊದಲು ಸಿಗುತ್ತಿದ್ದ ದೊಡ್ಡ ಶತ್ರುಗಳು ಇವೇ ಎರಡು. ಲಸಿಕೆ ಪೂರ್ತಿ ಆದ ಮಕ್ಕಳಲ್ಲಿ ನಿಜವಾದ ರಕ್ತದ ಸೋಂಕು ಕಡಿಮೆಯಾದಷ್ಟೂ, ಬಾಟಲಿ ಕೂಗಿದಾಗ ಅದು ಚರ್ಮದ್ದೇ ಆಗಿರುವ ಸಂಭವ ಹೆಚ್ಚುತ್ತದೆ. ಕಂಟಾಮಿನೇಷನ್ ಪ್ರಮಾಣ ನೂರಕ್ಕೆ 3 ಇರುವ ವಾರ್ಡಿನಲ್ಲಿ, ಇಂಥ 100 ಮಕ್ಕಳಲ್ಲಿ ಒಂದು ಮಗುವಿಗೆ ನಿಜವಾದ ಸೋಂಕಿದ್ದರೆ, ಯಂತ್ರ ನಾಲ್ಕು ಸಲ ಕೂಗುತ್ತದೆ. ಅದರಲ್ಲಿ ಮೂರು ಸುಳ್ಳು ಕೂಗು.

ನಾವು ಬೇರ್ಪಡಿಸುವುದು ಹೇಗೆ? ಮೊದಲು ನೋಡುವುದು ಬೆಳೆದದ್ದು ಯಾರು ಎಂದು. ಆರಿಯಸ್, ನ್ಯುಮೊಕಾಕಸ್, ಇ. ಕೊಲೈ, ಕ್ಲೆಬ್ಸಿಯೆಲ್ಲಾ, ಟೈಫಾಯ್ಡ್ ತರುವ ಸಾಲ್ಮೊನೆಲ್ಲಾ ಟೈಫಿ, ಕ್ಯಾಂಡಿಡಾ ಎಂಬ ಶಿಲೀಂಧ್ರ, ಇವು ಒಂದೇ ಬಾಟಲಿಯಲ್ಲಿ ಒಂದೇ ಸಲ ಬೆಳೆದರೂ ನಿಜವೆಂದೇ ಹಿಡಿಯುತ್ತೇವೆ. ಮಗು ನಗುತ್ತಿದ್ದರೂ ಬಿಡುವುದಿಲ್ಲ. ಚರ್ಮದ ಮೇಲಿರುವ ಕಾನ್ಸ್, ಮೈಕ್ರೊಕಾಕಸ್, ಡಿಫ್ತೆರಾಯ್ಡ್, ಮಣ್ಣುಧೂಳಿನಲ್ಲಿರುವ ಬ್ಯಾಸಿಲಸ್, ಇವು ಬಂದರೆ ಮೊದಲು ಅನುಮಾನ. ನಡುವೆ ನಿಲ್ಲುವವರೂ ಇದ್ದಾರೆ. ಬಾಯಲ್ಲಿ ವಾಸಿಸುವ ವಿರಿಡನ್ಸ್ ಸ್ಟ್ರೆಪ್ಟೊಕಾಕಸ್ ಆರೋಗ್ಯವಂತ ಮಗುವಿನಲ್ಲಿ ಸಾಮಾನ್ಯವಾಗಿ ದೊಡ್ಡ ವಿಷಯವಲ್ಲ, ಹುಟ್ಟಿನಿಂದ ಹೃದಯದ ತೊಂದರೆ ಇರುವ ಮಗುವಿನಲ್ಲಿ ಬಂದರೆ ನಾನು ತಕ್ಷಣ ಫೋನ್ ಎತ್ತುತ್ತೇನೆ. ಕಾನ್ಸ್ ಗುಂಪಿನೊಳಗೂ ಲುಗ್ಡುನೆನ್ಸಿಸ್ ಎಂಬ ಒಂದು ಜಾತಿ ಆರಿಯಸ್‌ನಂತೆಯೇ ಕೆಡುಕು ಮಾಡಬಲ್ಲದು. ಅದಕ್ಕೇ 'ಕಾನ್ಸ್' ಎಂದಷ್ಟೇ ಬರೆದು ನಿಲ್ಲಿಸದೆ ಜಾತಿಯ ಹೆಸರನ್ನೂ ಹೇಳುವ ಲ್ಯಾಬ್ ಒಳ್ಳೆಯದು.

ಎರಡನೆಯದು ಸಮಯ. ಹೆಪ್ಪು ಜಾಸ್ತಿ ಹಾಕಿದರೆ ಹಾಲು ಬೇಗ ಗಟ್ಟಿಯಾಗುತ್ತದಲ್ಲ, ಹಾಗೆಯೇ. ನಿಜವಾದ ಸೋಂಕಿನಲ್ಲಿ ಬಾಟಲಿ ಹೆಚ್ಚಾಗಿ 24 ಗಂಟೆಯೊಳಗೆ ಕೂಗುತ್ತದೆ. ಸೂಜಿ ತುದಿಯಲ್ಲಿ ಬಂದ ನಾಲ್ಕಾರು ಜೀವಾಣುಗಳಿಗೆ ಬೆಳೆಯಲು ಇನ್ನೂ ಹೊತ್ತು ಬೇಕು. ಇದು ಕೆತ್ತಿಟ್ಟ ನಿಯಮವಲ್ಲ, ಎರಡೂ ಕಡೆ ಅಪವಾದಗಳನ್ನು ನೋಡಿದ್ದೇನೆ. ಆದರೂ ಒಂದು ಸೂಚನೆ ಗಮನಿಸಿ: ರಿಪೋರ್ಟ್ ಮೂರನೇ ದಿನ ಬಂತು ಎಂದರೆ ಬಾಟಲಿ ಕೂಗಿದ್ದು ಮೂರನೇ ದಿನ ಎಂದಲ್ಲ. ಕೂಗಿದ ಮೇಲೆ ಜೀವಾಣುವಿನ ಹೆಸರು, ಅದು ಯಾವ ಯಾವ ಔಷಧಿಗೆ ಬಗ್ಗುತ್ತದೆ ಎಂಬ ಪಟ್ಟಿ ಸಿದ್ಧವಾಗಲು ಒಂದೆರಡು ದಿನ ಹಿಡಿಯುತ್ತದೆ. 'ಎಷ್ಟು ಗಂಟೆಗೆ ಪಾಸಿಟಿವ್ ಆಯಿತು' ಎಂದು ಲ್ಯಾಬ್‌ಗೆ ಕೇಳಿಸಿ. ಯಂತ್ರದಲ್ಲಿ ಅದು ನಿಮಿಷ ಸಮೇತ ದಾಖಲಾಗಿರುತ್ತದೆ.

ದೊಡ್ಡವರಲ್ಲಾದರೆ ಇಷ್ಟೆಲ್ಲ ಊಹೆ ಬೇಕಾಗುವುದಿಲ್ಲ. ಎರಡು ಕೈಯಿಂದ ಬೇರೆ ಬೇರೆಯಾಗಿ ರಕ್ತ ತೆಗೆಯುತ್ತಾರೆ. ಎರಡರಲ್ಲೂ ಅದೇ ಜೀವಾಣು ಬೆಳೆದರೆ ನಿಜ, ಒಂದರಲ್ಲಿ ಮಾತ್ರ ಚರ್ಮದ ಜೀವಾಣು ಬಂದರೆ ಹೆಚ್ಚಾಗಿ ಸುಳ್ಳು. ಮಕ್ಕಳಲ್ಲಿ ನಾವು ಒಂದೇ ಬಾಟಲಿ ಕಳಿಸುತ್ತೇವೆ, ಅದರಲ್ಲೂ ಅರ್ಧ ಮಿಲಿ ರಕ್ತ. ನನಗೆ ವರ್ಷಗಳಿಂದ ಮನಸ್ಸಿಗೆ ಕೊರೆಯುವ ವಿಷಯ ಇದು. 'ಪಾಪ, ಮಗು, ಎಷ್ಟು ರಕ್ತ ತೆಗೆಯುವುದು' ಎಂದು ಎಲ್ಲರೂ ಹಿಂಜರಿಯುತ್ತಾರೆ. 8 ಕೆ.ಜಿ. ಮಗುವಿನ ಮೈಯಲ್ಲಿ ಸುಮಾರು 600 ಮಿ.ಲೀ. ರಕ್ತ ಇರುತ್ತದೆ, ಅದರಲ್ಲಿ 2 ಮಿ.ಲೀ. ತೆಗೆದರೆ ಮುನ್ನೂರನೇ ಒಂದು ಭಾಗ. ಸೋಂಕಿದ್ದರೂ ಕೆಲವು ಮಕ್ಕಳ ಒಂದು ಮಿಲಿ ರಕ್ತದಲ್ಲಿ ಒಂದೇ ಒಂದು ಜೀವಾಣುವೂ ಸಿಗದಷ್ಟು ವಿರಳವಾಗಿರುತ್ತವೆ. ಅರ್ಧ ಮಿಲಿ ಕಳಿಸಿದರೆ ನಿಜವಾದದ್ದು ತಪ್ಪಿಸಿಕೊಳ್ಳುತ್ತದೆ, ಚರ್ಮದ್ದು ಮಾತ್ರ ಬಾಟಲಿ ಸೇರುತ್ತದೆ. ನವಜಾತ ಶಿಶುವಿಗೂ ಕನಿಷ್ಠ 1 ಮಿ.ಲೀ. ಬೇಕು.

ಒಂದು ಘಟನೆ ಹೇಳುತ್ತೇನೆ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲಿ ಒಂದು ತಿಂಗಳು ಮಕ್ಕಳ ವಾರ್ಡಿನಿಂದ ಬಂದ ಬಾಟಲಿಗಳಲ್ಲಿ ಸಾಲಾಗಿ ಬ್ಯಾಸಿಲಸ್ ಬೆಳೆಯತೊಡಗಿತು. ಮಕ್ಕಳು ಯಾರೂ ಅಷ್ಟು ಕಾಯಿಲೆ ಬಿದ್ದವರಂತಿರಲಿಲ್ಲ, ಆದರೂ ಕೆಲವರಿಗೆ ಆ್ಯಂಟಿಬಯಾಟಿಕ್ ಬದಲಾಯಿತು, ಮನೆಗೆ ಹೋಗುವುದು ತಡವಾಯಿತು. ವಾರ್ಡಿಗೆ ಹೋಗಿ ನಿಂತು ನೋಡಿದೆ. ಟ್ರಾಲಿಯ ಮೇಲೆ ಸ್ಟೀಲ್ ಡಬ್ಬಿ, ಒಳಗೆ ಸ್ಪಿರಿಟ್‌ನಲ್ಲಿ ನೆನೆದ ಹತ್ತಿ ಉಂಡೆಗಳು. ಖಾಲಿಯಾಗುತ್ತಾ ಬಂದಂತೆ ಮೇಲಿಂದ ಹೊಸ ಹತ್ತಿ, ಹೊಸ ಸ್ಪಿರಿಟ್. ಡಬ್ಬಿಯನ್ನು ಬರಿದು ಮಾಡಿ ತೊಳೆದು ಎಷ್ಟು ದಿನವಾಗಿತ್ತೋ. ಬ್ಯಾಸಿಲಸ್ ತನ್ನ ಸುತ್ತ ಗಟ್ಟಿ ಚಿಪ್ಪು ಕಟ್ಟಿಕೊಂಡು ಸ್ಪೋರ್ ಆಗುತ್ತದೆ, ಸ್ಪಿರಿಟ್ ಅದನ್ನು ಕೊಲ್ಲುವುದಿಲ್ಲ. ಡಬ್ಬಿಯ ತಳದ ಹತ್ತಿಯನ್ನು ಕಲ್ಚರ್ ಹಾಕಿದಾಗ ಅದೇ ಜೀವಾಣು ಬೆಳೆಯಿತು. ಚರ್ಮ ಶುದ್ಧ ಮಾಡುತ್ತೇವೆಂದು ನಾವೇ ಜೀವಾಣು ಹಚ್ಚುತ್ತಿದ್ದೆವು. ಡಬ್ಬಿ ಹೋಗಿ ಒಂದೊಂದೇ ಪೊಟ್ಟಣದ ಸ್ವಾಬ್ ಬಂದ ಮೇಲೆ ಆ ಸಾಲು ನಿಂತಿತು.

ಇದರ ಎದುರು ಇನ್ನೊಂದನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ, ಏಕೆಂದರೆ ಅಲ್ಲಿ ತಪ್ಪಿದವಳು ನಾನು. ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ (ಎನ್‌ಐಸಿಯು) 29 ವಾರಕ್ಕೇ ಹುಟ್ಟಿದ, 1,100 ಗ್ರಾಂ ತೂಕದ ಕೂಸು. ಹನ್ನೆರಡನೇ ದಿನ ಒಂದು ಬಾಟಲಿಯಲ್ಲಿ ಕಾನ್ಸ್ ಬೆಳೆಯಿತು. 'ಕಾನ್ಸ್, ಬಹುಶಃ ಕಂಟಾಮಿನೇಷನ್' ಎಂದು ಫೋನಿನಲ್ಲಿ ಹೇಳಿ ಇಟ್ಟುಬಿಟ್ಟೆ. ಮಗು ಹೇಗಿದೆ ಎಂದು ಕೇಳಲಿಲ್ಲ. ಅಲ್ಲಿದ್ದ ಹಿರಿಯ ಸಿಸ್ಟರ್ ಒಪ್ಪಲಿಲ್ಲ. ಕೂಸು ನಡುನಡುವೆ ಉಸಿರು ನಿಲ್ಲಿಸುತ್ತಿತ್ತು, ಕೊಟ್ಟ ಹಾಲು ಹೊಟ್ಟೆಯಲ್ಲೇ ಉಳಿಯುತ್ತಿತ್ತು, ಪ್ಲೇಟ್‌ಲೆಟ್ ಇಳಿದಿತ್ತು. ಅವರ ಒತ್ತಾಯಕ್ಕೆ ಮತ್ತೊಂದು ಕಲ್ಚರ್ ಬಂತು. ಅದೇ ಜಾತಿ, ಔಷಧಿ ಪಟ್ಟಿಯೂ ಸಾಲು ಸಾಲಿಗೆ ಅದೇ. ತೋಳಿನಿಂದ ಹೃದಯದ ಹತ್ತಿರದವರೆಗೆ ಹಾಕಿದ್ದ ತೆಳು ಲೈನಿನ ಪ್ಲಾಸ್ಟಿಕ್ ಮೇಲೆ ಆ ಜೀವಾಣು ಪಾಚಿಯಂತೆ ಪದರ ಕಟ್ಟಿಕೊಂಡಿತ್ತು. ಲೈನ್ ತೆಗೆದು ವ್ಯಾಂಕೊಮೈಸಿನ್ ಕೊಟ್ಟ ಮೇಲೆ ಕೂಸು ಚೇತರಿಸಿಕೊಂಡಿತು. ಅಂದಿನಿಂದ ವಾರ್ಡಿಗೆ ಫೋನ್ ಮಾಡಿದರೆ ಮೊದಲು ಮಗುವಿನ ವಿಷಯ ಕೇಳುತ್ತೇನೆ, ಆಮೇಲೆ ಬಾಟಲಿಯ ವಿಷಯ ಹೇಳುತ್ತೇನೆ.

ಅಂದರೆ ಇದೇ ಕಾನ್ಸ್ ಅವಧಿಗೆ ಮುಂಚೆ ಹುಟ್ಟಿದ ಕೂಸಿಗೆ, ದೊಡ್ಡ ರಕ್ತನಾಳದಲ್ಲಿ ಲೈನ್ ಇರುವ ಮಗುವಿಗೆ, ಕ್ಯಾನ್ಸರ್‌ಗೆ ಕಿಮೊ ಪಡೆಯುತ್ತಿರುವವರಿಗೆ, ತಲೆಯ ನೀರನ್ನು ಹೊಟ್ಟೆಗೆ ಇಳಿಸುವ ಶಂಟ್ ಎಂಬ ಕೊಳವೆ ಹಾಕಿರುವವರಿಗೆ, ಹೃದಯದಲ್ಲಿ ಕೃತಕ ಕವಾಟ ಇರುವವರಿಗೆ ನಿಜವಾದ ಶತ್ರು. ಪ್ಲಾಸ್ಟಿಕ್ ಸಿಕ್ಕರೆ ಅದಕ್ಕೆ ನೆಲೆ ಸಿಕ್ಕಂತೆ. ಲೈನ್ ಇರುವ ಮಕ್ಕಳಲ್ಲಿ ಲೈನಿನಿಂದಲೂ ಕೈಯಿಂದಲೂ ಒಟ್ಟಿಗೆ, ಒಂದೇ ಪ್ರಮಾಣದ ರಕ್ತ ತೆಗೆದು ನೋಡುತ್ತೇವೆ. ಕೈಯಿಂದ ತೆಗೆದ ಬಾಟಲಿಗಿಂತ ಲೈನಿನ ಬಾಟಲಿ 2 ಗಂಟೆ ಅಥವಾ ಅದಕ್ಕೂ ಹೆಚ್ಚು ಮುಂಚೆ ಕೂಗಿದರೆ ಮೂಲ ಲೈನೇ.

ಈಗ ನಿಮ್ಮ ಮಗಳಿಗೆ ಬರೋಣ. ಮೇಲಿನ ಪಟ್ಟಿಯ ಯಾವುದೂ ಅವಳಿಗೆ ಇಲ್ಲವೆಂದು ನಿಮ್ಮ ಬರಹದಿಂದ ತೋರುತ್ತದೆ. ನಿಮ್ಮನ್ನು ಹೆದರಿಸಿದ್ದು 'ರೆಸಿಸ್ಟೆಂಟ್' ಎಂಬ ಪದ ಅನ್ನಿಸುತ್ತದೆ. ಆ ಪದ ಜೀವಾಣು ಎಷ್ಟು ಕ್ರೂರಿ ಎಂದು ಹೇಳುವುದಿಲ್ಲ, ಯಾವ ಔಷಧಿಗೆ ಬಗ್ಗುವುದಿಲ್ಲ ಎಂದಷ್ಟೇ ಹೇಳುತ್ತದೆ. ಚರ್ಮದ ಸ್ಟೆಫಿಲೊಕಾಕಸ್‌ಗಳಲ್ಲಿ ಬಹಳಷ್ಟು ಮೆಥಿಸಿಲಿನ್‌ಗೆ ಬಗ್ಗುವುದಿಲ್ಲ. ಇನ್ನೂ ಮುಖ್ಯವಾದ ಮಾತು: ಮೆಥಿಸಿಲಿನ್‌ಗೆ ಬಗ್ಗದ ಸ್ಟೆಫಿಲೊಕಾಕಸ್‌ಗೆ ಸೆಫ್ಟ್ರಿಯಾಕ್ಸೋನ್ ಕೂಡ ನಾಟುವುದಿಲ್ಲ. ನಿಮ್ಮ ಮಗಳಿಗೆ ಕೊಟ್ಟದ್ದು ಸೆಫ್ಟ್ರಿಯಾಕ್ಸೋನ್ ಮಾತ್ರ. ಆ ಜೀವಾಣುವಿಗೆ ತಾಗದ ಔಷಧಿಯಲ್ಲೇ ಜ್ವರ ಬಿಟ್ಟು, ಹಾಲು ಕುಡಿದು, ಆಟಕ್ಕಿಳಿದಿದ್ದಾಳೆ. ಜ್ವರಕ್ಕೆ ಕಾರಣ ಅದಾಗಿದ್ದರೆ ಹೀಗೆ ಆಗುವುದು ಕಷ್ಟ.

ಹಾಗಾದರೆ ಜ್ವರ ಯಾವುದರದ್ದು? 6 ತಿಂಗಳಿಂದ 2 ವರ್ಷದ ನಡುವಿನ ಮಕ್ಕಳಲ್ಲಿ ಮೂರು ದಿನ ಬೆಂಕಿಯಂಥ ಜ್ವರ ಬಂದು, ಜ್ವರ ಇಳಿದ ಹೊತ್ತಿಗೆ ಎದೆ, ಬೆನ್ನ ಮೇಲೆ ಗುಲಾಬಿ ದದ್ದು ಏಳುವ ಒಂದು ವೈರಸ್ ಕಾಯಿಲೆ ಇದೆ, ರೋಸಿಯೋಲಾ. ನಿಮ್ಮ ವಿವರಣೆ ಅದನ್ನೇ ನೆನಪಿಸುತ್ತದೆ. ಅದಕ್ಕೆ ಆ್ಯಂಟಿಬಯಾಟಿಕ್ ಬೇಕಾಗಿಲ್ಲ. ಆದರೆ ಮೂತ್ರ ಪರೀಕ್ಷೆ, ಮೂತ್ರದ ಕಲ್ಚರ್ ಆಗಿದೆಯೇ ಎಂದು ನೀವು ಬರೆದಿಲ್ಲ. ಈ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಕಾರಣ ಕಾಣದ ಜ್ವರಕ್ಕೆ ಮೂತ್ರದ ಸೋಂಕು ಸಾಮಾನ್ಯ ಕಾರಣ, ಅದು ಸೆಫ್ಟ್ರಿಯಾಕ್ಸೋನ್‌ಗೆ ಬಗ್ಗಬಹುದು. ಮಾಡಿದ್ದರೆ ಆ ರಿಪೋರ್ಟ್ ನೋಡಿ. ಮಾಡದಿದ್ದರೆ ಡಾಕ್ಟರ ಗಮನಕ್ಕೆ ತನ್ನಿ.

ಇಬ್ಬರು ಡಾಕ್ಟರಲ್ಲಿ ಯಾರ ಮಾತು ಎಂದು ನೀವು ಕೇಳಿದ್ದೀರಿ. ನಿಮ್ಮ ವಿವರ ಪೂರ್ತಿ ಇದ್ದರೆ ನನ್ನ ಮನಸ್ಸು ಎರಡನೆಯವರ ಕಡೆಗೆ ವಾಲುತ್ತದೆ. ಮೊದಲಿನವರ ಆತಂಕವನ್ನೂ ತಳ್ಳಿಹಾಕುವುದಿಲ್ಲ, ಪಾಸಿಟಿವ್ ಎಂಬ ಕಾಗದ ಕೈಯಲ್ಲಿಟ್ಟುಕೊಂಡು ಮಗುವನ್ನು ಮನೆಗೆ ಕಳಿಸಲು ಧೈರ್ಯ ಬೇಕು. ಇಬ್ಬರಿಗೂ ಒಪ್ಪಿಗೆಯಾಗುವ ದಾರಿ ಇನ್ನೊಂದು ಕಲ್ಚರ್. ಮಗು ಚೆನ್ನಾಗಿರುವಾಗ ವ್ಯಾಂಕೊಮೈಸಿನ್ ಶುರು ಮಾಡುವುದಕ್ಕೆ ಮೊದಲು ಇದು ಆಗಲಿ, ಆಮೇಲೆ ತೆಗೆದರೆ ಉತ್ತರ ಮಸುಕಾಗುತ್ತದೆ. ವ್ಯಾಂಕೊಮೈಸಿನ್ ಪ್ರತಿ ಸಲವೂ ಕನಿಷ್ಠ ಒಂದು ಗಂಟೆ ನಿಧಾನವಾಗಿ ಹನಿಸಬೇಕಾದ ಔಷಧಿ. ವೇಗವಾಗಿ ಹೋದರೆ ಮುಖ, ಕುತ್ತಿಗೆ ಕೆಂಪೇರಿ ತುರಿಕೆ ಬರುತ್ತದೆ. ಕಿಡ್ನಿಯ ಮೇಲೆ ಕಣ್ಣಿಡಬೇಕು. ಏಳು ದಿನ ಕ್ಯಾನುಲಾ ಇದ್ದರೆ ಆ ಕ್ಯಾನುಲಾವೇ ಹೊಸ ಸೋಂಕಿಗೆ ಬಾಗಿಲಾದೀತು. ಬೇಕಾದ ಮಗುವಿಗೆ ಅದು ಜೀವ ಉಳಿಸುವ ಔಷಧಿ, ಆದ್ದರಿಂದಲೇ ಬೇಡದ ಮಗುವಿಗೆ ಖರ್ಚು ಮಾಡಬಾರದು.

ಮರು ಕಲ್ಚರ್ ತೆಗೆಯುವಾಗ ಹಳೆಯ ಕ್ಯಾನುಲಾದಿಂದ ಬೇಡ, ಹೊಸದಾಗಿ ಬೇರೆ ಕಡೆ ಚುಚ್ಚಿ ತೆಗೆಯಲಿ. ಸ್ಪಿರಿಟ್ ಬೆರೆತ ಕ್ಲೋರ್‌ಹೆಕ್ಸಿಡಿನ್‌ನಿಂದ 30 ಸೆಕೆಂಡು ಉಜ್ಜಿ, ಇನ್ನೊಂದು 30 ಸೆಕೆಂಡು ತಾನಾಗಿ ಆರಲು ಬಿಡಬೇಕು. ಊದಿ ಆರಿಸಬಾರದು, ಮತ್ತೆ ಮುಟ್ಟಬಾರದು. ಬೆಟಾಡಿನ್ ಆದರೆ ಆರಲು ಇನ್ನೂ ಹೆಚ್ಚು ಹೊತ್ತು ಬೇಕು. ಎರಡು ತಿಂಗಳೊಳಗಿನ ಕೂಸುಗಳಲ್ಲಿ, ಅದರಲ್ಲೂ ಅವಧಿಗೆ ಮುಂಚೆ ಹುಟ್ಟಿದವರಲ್ಲಿ, ಕ್ಲೋರ್‌ಹೆಕ್ಸಿಡಿನ್ ಚರ್ಮ ಸುಡಬಹುದು ಎಂಬ ಎಚ್ಚರ ಬೇಕು, ನಿಮ್ಮ ಮಗಳಿಗೆ ಆ ಚಿಂತೆ ಇಲ್ಲ. ಬಾಟಲಿಯ ರಬ್ಬರನ್ನೂ ಸ್ಪಿರಿಟ್‌ನಿಂದ ಒರೆಸಿ ಆರಲು ಬಿಡಲಿ. 2 ಮಿ.ಲೀ.ಗೆ ಕಡಿಮೆ ಬೇಡ. ಆ ಒಂದು ನಿಮಿಷ ಮಗುವಿನ ಕೈಯನ್ನು ನೀವು ಗಟ್ಟಿಯಾಗಿ, ಅಲುಗದಂತೆ ಹಿಡಿದುಕೊಳ್ಳಿ. ಸಿಸ್ಟರ್‌ಗೆ ಅದಕ್ಕಿಂತ ದೊಡ್ಡ ಸಹಾಯ ಇಲ್ಲ.

ಮನೆಗೆ ಹೋದ ಮೇಲೆ ಜ್ವರ ಮರಳಿದರೆ, ಹಾಲು ಬಿಟ್ಟರೆ, ಎಬ್ಬಿಸಿದರೂ ಮಂಕಾಗಿ ಬಿದ್ದಿದ್ದರೆ, ಉಸಿರು ವೇಗವಾದರೆ, ಕೈಕಾಲು ತಣ್ಣಗಾದರೆ, ಬೆರಳಿಂದ ಒತ್ತಿದರೂ ಮಾಸದ ಕೆಂಪು ಅಥವಾ ನೇರಳೆ ಚುಕ್ಕೆ ಕಂಡರೆ ರಾತ್ರಿಯಾದರೂ ಕಾಯದೆ ಆಸ್ಪತ್ರೆಗೆ ಬನ್ನಿ, ಈ ರಿಪೋರ್ಟ್ ಜೊತೆಯಲ್ಲಿರಲಿ. ಡಿಸ್‌ಚಾರ್ಜ್ ಚೀಟಿಯಲ್ಲಿ ನಿಮ್ಮ ಫೋನ್ ನಂಬರ್ ಸರಿಯಾಗಿದೆಯೇ ನೋಡಿಕೊಳ್ಳಿ, ಹೊಸ ಬಾಟಲಿ ಕೂಗಿದರೆ ಲ್ಯಾಬ್‌ನಿಂದ ವಾರ್ಡಿಗೆ, ವಾರ್ಡಿನಿಂದ ನಿಮಗೆ ಕರೆ ಬರುವುದು ಆ ನಂಬರಿಗೇ. 48 ಗಂಟೆ ಕಳೆದ ಮೇಲೆ ನೀವೇ ಒಮ್ಮೆ ಫೋನ್ ಮಾಡಿ ಕೇಳಿ. ಏನೆಂದರು ಎಂದು ನನಗೂ ಒಂದು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.